ಮಾತ್ರೆ ಆಮೇಲೆ, ಮೊದಲು ನಿನ್ನ ಬ್ರೇಕು

ನಾಯಿ ಕಾರಿನಲ್ಲಿ ಕಕ್ಕಿತೆಂದು ಇಷ್ಟು ಮುಖ ಸಣ್ಣ ಮಾಡಿಕೊಂಡರೆ ಹೇಗೋ ತಮ್ಮಾ? ಹೊಸ ಸೀಟ್ ಕವರು ಹಾಳಾಯಿತು, ವಾಸನೆ ಹೋಗುತ್ತಿಲ್ಲ, ಮನೆಯವರೆಲ್ಲ ನಗುತ್ತಿದ್ದಾರೆ. ಎಲ್ಲ ಖರೆ. ಅದರಲ್ಲೂ ನಿನ್ನದು ಮುಧೋಳ ನಾಯಿ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂದ ತಳಿ, 2016ರಲ್ಲಿ ಸೈನ್ಯದವರು ತರಬೇತಿಗೆಂದು ಮೀರತ್ತಿಗೆ ಒಯ್ದ ತಳಿ ಎಂದು ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೆ. ಅಂಥ ನಾಯಿ ರಾಯಚೂರು ಬಿಟ್ಟು ಕಲ್ಮಲಾ ದಾಟುವಷ್ಟರಲ್ಲಿ ಜೊಲ್ಲು ಸುರಿಸಿ, ಗಬ್ಬೂರು ಬರುವ ಮೊದಲೇ ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಹೊರಗೆ ಹಾಕಿತಲ್ಲ ಎಂದು ನಿನಗೆ ಅವಮಾನ. ಅದಕ್ಕೆ ಅವಮಾನ ಗಿವಮಾನ ಏನಿಲ್ಲ. ಹೊಟ್ಟೆ ತೊಳಸಿತು, ಕಕ್ಕಿತು. ಮೊಲದ ಬೆನ್ನು ಹತ್ತುವ ಕಾಲಿಗೂ ಕಾರಿನಲ್ಲಿ ತೊಳಸುವ ಹೊಟ್ಟೆಗೂ ಸಂಬಂಧವಿಲ್ಲ.

ನಾನು ಸ್ಟೇರಿಂಗ್ ಹಿಡಿದೇ ತಲೆ ಬೆಳ್ಳಗೆ ಮಾಡಿಕೊಂಡವ. ದೇವದುರ್ಗದ ದಾರಿಯಲ್ಲಿ ಕ್ರೂಸರ್ ಓಡಿಸಿದೆ, ಮಾನ್ವಿ ಕಡೆಗೂ ಓಡಿಸಿದೆ, ಕೊನೆಗೆ ದನದ ಡಾಕ್ಟರ ಜೀಪು ಸೇರಿದೆ. ಹತ್ತಿ ಕೂತ ಸ್ವಲ್ಪ ಹೊತ್ತಿಗೇ ಇವರು ಕಕ್ಕುತ್ತಾರೆ, ಇವರು ಇಲ್ಲ ಎಂದು ಕನ್ನಡಿಯಲ್ಲಿ ನೋಡಿಯೇ ಹೇಳುತ್ತಿದ್ದೆ. ಮೊದಲು ಮಾತು ನಿಲ್ಲುತ್ತದೆ. ಆಮೇಲೆ ಆಕಳಿಕೆ. ಉಗುಳು ನುಂಗುವುದು, ಸೆರಗಿನಿಂದ ಬಾಯಿ ಒರೆಸಿಕೊಳ್ಳುವುದು, ಕಿಟಕಿಯ ಕಡೆ ಜರುಗುವುದು. “ಯಪ್ಪಾ, ಸಾವಕಾಶ ಹೊಡೀ, ಹೊಟ್ಟಿ ತೊಳಸಾಕತ್ತೈತಿ” ಎಂಬ ಮಾತು ಬರುವುದು ಕೊನೆಗೆ. ನಿನ್ನ ನಾಯಿಯೂ ಇದೇ ಕ್ರಮದಲ್ಲಿ ಹೇಳುತ್ತದೆ, ಬಾಯಿ ಮಾತೊಂದು ಇಲ್ಲ ಅಷ್ಟೆ. ಸುಮ್ಮನೆ ಆಕಳಿಸುತ್ತದೆ, ಮೂಗು ತುಟಿ ನೆಕ್ಕಿಕೊಳ್ಳುತ್ತದೆ, ಮತ್ತೆ ಮತ್ತೆ ನುಂಗುತ್ತದೆ. ಬಾಯಿಯ ಮೂಲೆಯಿಂದ ಜೊಲ್ಲಿನ ಎಳೆಯೊಂದು ಇಳಿದು, ಹಂಪ್ಸ್ ಬಂದಾಗ ಹರಿದು ಸೀಟಿಗೆ ಅಂಟುತ್ತದೆ. ಮುಂಗಾಲು ಅಗಲ ಮಾಡಿ, ಕುತ್ತಿಗೆ ಕೆಳಗೆ ಹಾಕಿ, ಹೊಟ್ಟೆ ಒಳಕ್ಕೆ ಎಳೆದುಕೊಳ್ಳತೊಡಗಿತೆಂದರೆ ಹೊತ್ತು ಮೀರಿತು. ಇಷ್ಟೆಲ್ಲ ಆಗುವಾಗ ನೀನೇನು ಮಾಡುತ್ತಿದ್ದೆ? ಹಾಡಿನ ಸದ್ದು ಏರಿಸುತ್ತಿದ್ದೆ.

ಹೊಟ್ಟೆ ಕಕ್ಕಿದರೂ ಮೂಲ ಇರುವುದು ಕಿವಿಯಲ್ಲಿ. ಮೈ ಎತ್ತ ಓಲುತ್ತಿದೆ, ಎಷ್ಟು ಅಲುಗುತ್ತಿದೆ ಎಂದು ಮೆದುಳಿಗೆ ತಿಳಿಸುವ ಪುಟ್ಟ ಅಂಗ ಒಳಗಿವಿಯಲ್ಲಿರುತ್ತದೆ. ಅದು ‘ಓಡುತ್ತಿದ್ದೇವೆ’ ಅನ್ನುತ್ತದೆ. ಮುಂದಿನ ಸೀಟಿನ ಬೆನ್ನು ಬಿಟ್ಟು ಬೇರೇನೂ ಕಾಣದ ಕಣ್ಣು ‘ಕೂತಲ್ಲೇ ಇದ್ದೇವೆ’ ಅನ್ನುತ್ತದೆ. ಈ ಜಗಳದಲ್ಲಿ ಸೋಲುವುದು ಹೊಟ್ಟೆ. ಇದು ಊಹೆಯ ಮಾತಲ್ಲ. 1931ರಲ್ಲಿ ಸ್ವೀಡನ್ನಿನ ವೈದ್ಯನೊಬ್ಬ ನಾಯಿಗಳನ್ನು ತೂಗಾಡಿಸಿ ನೋಡಿದ. ಒಳಗಿವಿಯ ಆ ಭಾಗ ತೆಗೆದ ನಾಯಿ ಎಷ್ಟು ತೂಗಿದರೂ ಕಕ್ಕಲಿಲ್ಲ. ಪಾಪ ಆ ನಾಯಿಗಳು ಎಂದು ಜೀಪಿನಲ್ಲಿ ಈ ಕಥೆ ಹೇಳಿದ ಡಾಕ್ಟ್ರೇ ಮರುಗಿದ್ದರು. ಮರಿಗಳಲ್ಲಿ ಆ ಅಂಗ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದಕ್ಕೇ ಮರಿಗಳು ಹೆಚ್ಚು ಕಕ್ಕುತ್ತವೆ, ಬಹಳಷ್ಟು ಮರಿಗಳಿಗೆ ವರ್ಷ ತುಂಬುವ ಹೊತ್ತಿಗೆ ತಾನೇ ಕಡಿಮೆಯಾಗುತ್ತದೆ. ನಿನ್ನದಕ್ಕೆ ಇನ್ನೂ ವರ್ಷವಾಗಿಲ್ಲ. ಅಷ್ಟರಲ್ಲೇ “ಇದು ಕಾರಿಗೆ ಆಗದ ನಾಯಿ” ಎಂದು ತೀರ್ಪು ಕೊಟ್ಟುಬಿಟ್ಟೆ. ಎಲ್ಲಿ ಕಲಿತಿಯೋ ಈ ಅವಸರ!

“ಹೊಲದಲ್ಲಿ ಟ್ರ್ಯಾಕ್ಟರ್ ಟ್ರಾಲಿ ಮೇಲೆ ನಿಂತು ಬರುವ ನಾಯಿಗೆ ಏನೂ ಆಗಲ್ಲ, ಎಸಿ ಕಾರಿನಲ್ಲಿ ಕೂತ ನಾಯಿಗೆ ಆಗುತ್ತಲ್ಲ” ಎಂದು ನೀನು ಕೇಳಿದ್ದು ಒಳ್ಳೆಯ ಪ್ರಶ್ನೆ. ಚಕ್ಕಡಿ, ಟ್ರಾಲಿ ಗಡಗಡ ಕುಲುಕುತ್ತವೆ. ಆ ಕುಲುಕಾಟ ಸೊಂಟ ಮುರಿಯುತ್ತದೆಯೇ ಹೊರತು ಹೊಟ್ಟೆ ತೊಳಸುವುದಿಲ್ಲ. ತೊಳಸುವುದು ನಿಧಾನವಾಗಿ ಏರಿ ಇಳಿಯುವ ಓಲಾಟ. ಮೆತ್ತನೆಯ ಸಸ್ಪೆನ್ಷನ್ನಿನ ಕಾರು ಮಾಡುವುದು ಅದನ್ನೇ. ಟ್ರಾಲಿಯ ಮೇಲೆ ನಿಂತ ನಾಯಿಗೆ ಸುತ್ತ ಹೊಲ ಕಾಣುತ್ತದೆ, ಗಾಳಿ ಮುಖಕ್ಕೆ ಬಡಿಯುತ್ತದೆ, ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಹಾಗೆಂದು ನಾಳೆ ಅದನ್ನು ಟ್ರಾಲಿಗೆ ಹತ್ತಿಸಬೇಡ. ಬೈಕಿನ ಟ್ಯಾಂಕಿನ ಮೇಲೆ ನಾಯಿ ಕೂರಿಸಿಕೊಂಡು ಹೋಗುವ ಶೂರರೂ ಇದ್ದಾರೆ. ಅವರ ದಾರಿ ನಿನಗೆ ಬೇಡ.

ಈಗ ನಿನ್ನ ಡ್ರೈವಿಂಗಿಗೆ ಬರೋಣ. ಕೋಪ ಮಾಡಿಕೊಳ್ಳಬೇಡ.

ನಮ್ಮ ಜಿಲ್ಲೆಯಲ್ಲಿ ಘಾಟಿ ಇಲ್ಲ, ಸುತ್ತು ತಿರುವುಗಳ ರಸ್ತೆ ಕಡಿಮೆ. ಕಪ್ಪು ನೆಲದ ಮೇಲೆ ಹಗ್ಗ ಎಳೆದಿಟ್ಟ ರಸ್ತೆಗಳು. ಹಾಗಿದ್ದೂ ನಿನ್ನ ನಾಯಿ ಕಕ್ಕುತ್ತದೆ ಎಂದರೆ ಅದು ತಿರುವಿನ ತಪ್ಪಲ್ಲ, ನಿನ್ನ ಬಲಗಾಲಿನದು. ರಸ್ತೆ ನೇರ ಕಂಡೊಡನೆ ಎಕ್ಸಲೇಟರ್ ತುಳಿಯುತ್ತಿ. ಊರು ಬಂತು, ಹಂಪ್ಸ್ ಬಂತು, ಕೊನೆಯ ಗಳಿಗೆಯಲ್ಲಿ ಬ್ರೇಕ್ ಒತ್ತುತ್ತಿ. ಹಂಪ್ಸ್ ದಾಟಿತೋ ಮತ್ತೆ ಹಾರಿಸುತ್ತಿ. ಹತ್ತಿ ಕಾಲದಲ್ಲಿ ಎರಡೂ ಕಡೆ ಹೊಟ್ಟೆ ಉಬ್ಬಿಸಿಕೊಂಡು ಬರುವ ಗಾಡಿ, ಮಾನ್ವಿ ಕಡೆ ನೆಲ್ಲಿನ ಟ್ರ್ಯಾಕ್ಟರು ಅಡ್ಡ ಸಿಕ್ಕರೆ ಹಾವಿನ ಹಾಗೆ ಹೊರಳಿ ಮುಂದೆ ಹೋಗುತ್ತಿ. ನಿನ್ನ ಕೈಯಲ್ಲಿ ಸ್ಟೇರಿಂಗ್ ಇದೆ, ಮುಂದೆ ಬರುವುದು ನಿನಗೆ ಕಾಣುತ್ತದೆ, ಅದಕ್ಕೆ ನಿನಗೇನೂ ಆಗುವುದಿಲ್ಲ. ಹಿಂದಿರುವ ಪ್ರಾಣಿಗೆ ಹಿಡಿಯಲು ಹಿಡಿಕೆ ಇಲ್ಲ, ಕಾಲಿಗೆ ಸಿಗುವುದು ಜಾರುವ ರೆಕ್ಸಿನ್. ಪ್ರತಿ ಬ್ರೇಕಿಗೂ ಅದು ಮುಂದಕ್ಕೆ ಬೀಳುತ್ತದೆ, ಪ್ರತಿ ತುಳಿತಕ್ಕೂ ಹಿಂದಕ್ಕೆ.

ನಮ್ಮ ಹಳೆಯ ಡ್ರೈವರುಗಳು ಹೊಸ ಹುಡುಗರಿಗೆ ಒಂದೇ ಮಾತು ಹೇಳುತ್ತಿದ್ದರು: ತವರಿಗೆ ಹೊರಟ ಬಸುರಿ ಹೆಣ್ಣುಮಗಳು ಹಿಂದೆ ಕೂತಿದ್ದಾಳೆ ಅಂತ ತಿಳಿದು ಹೊಡಿ. ನೀನೂ ಹಾಗೇ ಹೊಡಿ. ದೂರದಲ್ಲಿ ಹಂಪ್ಸ್ ಕಂಡಾಗಲೇ ಕಾಲು ಎತ್ತು, ಗಾಡಿ ತಾನೇ ವೇಗ ಬಿಡಲಿ, ಬ್ರೇಕು ಕೊನೆಗೆ ಮೆಲ್ಲಗೆ ಮುಟ್ಟು. ತಗ್ಗು ತಪ್ಪಿಸಲು ಹೋಗಿ ಗಾಡಿ ಎಳೆದಾಡಬೇಡ, ಸಣ್ಣ ತಗ್ಗಾದರೆ ನಿಧಾನ ಮಾಡಿ ಅದರಲ್ಲೇ ಇಳಿಸಿ ಏರಿಸು. ಟ್ರ್ಯಾಕ್ಟರಿನ ಹಿಂದೆ ಹತ್ತು ನಿಮಿಷ ಹೋದರೆ ನಿನ್ನ ಮಾನ ಏನೂ ಕಳೆಯುವುದಿಲ್ಲ. ದೇವದುರ್ಗಕ್ಕೆ ಕಾಲು ತಾಸು ತಡವಾಗಿ ಮುಟ್ಟುತ್ತಿ. ಅಲ್ಲಿ ನಿನಗಾಗಿ ಯಾವ ಸಭೆಯೂ ಕಾದಿಲ್ಲ.

ಇನ್ನು ಆ ನಿಂಬೆಹಣ್ಣಿನ ಪ್ರಕರಣ. ಬಸ್ಸಿನಲ್ಲಿ ನಮ್ಮ ಹೆಂಗಸರು ನಿಂಬೆಹಣ್ಣು ಮೂಸುತ್ತಾರೆ, ಅವರಿಗೆ ಹಾಯೆನಿಸುತ್ತದೆ. ಅದನ್ನೇ ನಾಯಿಯ ಮೂಗಿಗೂ ಹಿಡಿದೆಯಂತೆ. ಹೆಚ್ಚಿನ ನಾಯಿಗಳಿಗೆ ನಿಂಬೆ, ಕಿತ್ತಳೆಯ ವಾಸನೆ ಕಂಡರಾಗದು. ತೊಳಸುವ ಹೊಟ್ಟೆಗೆ ಇನ್ನೊಂದು ಗುದ್ದು ಕೊಟ್ಟಂತಾಯಿತು. ಜೊತೆಗೆ ಡ್ಯಾಶ್‌ಬೋರ್ಡಿನ ಮೇಲೆ ಮಲ್ಲಿಗೆ ಸೆಂಟಿನ ಡಬ್ಬಿ, ರಾಯರ ಫೋಟೋದ ಮುಂದೆ ಬೆಳಗಿನ ಊದುಬತ್ತಿ. ನಮಗೆ ಘಮ ಅನಿಸುವುದು ಅದರ ಮೂಗಿಗೆ ಹೊಡೆತ. ರಾಯರಿಗೆ ಮನೆಯಲ್ಲೇ ಊದುಬತ್ತಿ ಹಚ್ಚು, ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಸೆಂಟಿನ ಡಬ್ಬಿ ತೆಗೆದು ಒಗೆ. ಹಿಂದೆ ಕಕ್ಕಿದ ಜಾಗವನ್ನು ಸೋಪಿನ ನೀರಿನಿಂದ ತಿಕ್ಕಿ ಬಿಸಿಲಿಗೆ ಬಿಡು. ಹಳೆಯ ವಾಂತಿಯ ವಾಸನೆ ನಿನಗೆ ಹೋಗಿರಬಹುದು, ನಾಯಿಗೆ ಹೋಗಿರುವುದಿಲ್ಲ, ಹತ್ತಿದ ಕೂಡಲೇ ಅದಕ್ಕೆ ಎಲ್ಲ ನೆನಪಾಗುತ್ತದೆ.

ಕೂರಿಸುವ ಜಾಗವೂ ಮುಖ್ಯ. ಡಿಕ್ಕಿಯ ಮೇಲೆ, ಹಿಂದಿನ ಗಾಲಿಗಳಾಚೆ ಕೂರಿಸಿದರೆ ಓಲಾಟ ಹೆಚ್ಚು. ಎರಡು ಜೊತೆ ಗಾಲಿಗಳ ನಡುವೆ ಕಡಿಮೆ. ಹಿಂದಿನ ಸೀಟಿನ ಮಧ್ಯದಲ್ಲಿ ಒರಟಾದ ಜಮಖಾನೆ ಹಾಸು, ಕಾಲು ಜಾರಬಾರದು. ಮುಖ ಮುಂದಕ್ಕಿರಲಿ. ಎದೆಗೆ ಹಾಕುವ ಪಟ್ಟಿಯನ್ನು ಸೀಟ್ ಬೆಲ್ಟಿಗೆ ಸಿಕ್ಕಿಸು, ಕೊರಳಪಟ್ಟಿಗೆ ಎಂದೂ ಕಟ್ಟಬೇಡ. ಕಿಟಕಿ ಎರಡು ಬೆರಳಷ್ಟು ತೆರೆದಿರಲಿ. ತಲೆ ಹೊರಗೆ ಹಾಕಿ ಕಿವಿ ಹಾರಿಸುತ್ತ ಹೋಗುವುದು ಸಿನಿಮಾದಲ್ಲಿ ಚೆಂದ. ನಮ್ಮ ರಸ್ತೆಯಲ್ಲಿ ಎರೆಮಣ್ಣಿನ ಧೂಳು, ಮುಂದಿನ ಲಾರಿಯಿಂದ ಹಾರುವ ಹೊಟ್ಟು ನೇರ ಕಣ್ಣಿಗೆ.

ಊಟದ ಮಾತು ಚಿಕ್ಕದು. ಹೊರಡುವ ನಾಲ್ಕೈದು ತಾಸು ಮುಂಚೆ ಊಟ ಮುಗಿದಿರಬೇಕು. ನೀರು ಸ್ವಲ್ಪ ಸ್ವಲ್ಪ ಕೊಡಬಹುದು. “ದಾರಿಯಲ್ಲಿ ಹಸಿದೀತು” ಎಂದು ನಿಮ್ಮವ್ವ ಹೊರಡುವಾಗ ಹಾಲು ರೊಟ್ಟಿ ಕಲಸಿ ಇಡುತ್ತಾಳಲ್ಲ, ಆ ಅಂತಃಕರಣವೇ ಗಬ್ಬೂರಿನ ಹತ್ತಿರ ಸೀಟಿನ ಮೇಲೆ ಬರುವುದು. ತೀರ ಎಳೆಯ ಮರಿಯನ್ನು ಮಾತ್ರ ಹೆಚ್ಚು ಹೊತ್ತು ಉಪವಾಸ ಕೆಡವಬಾರದು, ಅದು ನಿತ್ರಾಣವಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಕೆಲವು ನಾಯಿಗಳು ಕಾರು ಹೊರಡುವ ಮೊದಲೇ, ಬಾಗಿಲು ತೆಗೆದ ಸಪ್ಪಳಕ್ಕೇ ಜೊಲ್ಲು ಸುರಿಸುತ್ತವೆ. ನಿಂತ ಗಾಡಿಯಲ್ಲಿ ಓಲಾಟ ಎಲ್ಲಿಂದ ಬಂತು? ಅದು ಹೆದರಿಕೆ. ಯೋಚನೆ ಮಾಡು. ಮುಧೋಳದ ಹತ್ತಿರದ ತಿಮ್ಮಾಪುರದ ನಾಯಿ ಸಂಶೋಧನಾ ಕೇಂದ್ರದ ತಳಿಯೆಂದು ಹೆಮ್ಮೆಯಿಂದ ಮರಿ ತಂದೆ. ಎರಡು ತಿಂಗಳ ಕೂಸು, ತಾಯಿಯನ್ನು ಬಿಟ್ಟ ದಿನವೇ ಹುನಗುಂದ, ಲಿಂಗಸುಗೂರು ದಾಟಿ ಇನ್ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ ರಟ್ಟಿನ ಡಬ್ಬಿಯಲ್ಲಿ ಬಂತು. ಅದಾದ ಮೇಲೆ ಕಾರು ಹತ್ತಿದ್ದು ಯಾವಾಗ? ಸೂಜಿ ಹಾಕಿಸಲು ದನದ ದವಾಖಾನೆಗೆ. ಮತ್ತೆ ಹತ್ತಿದ್ದು? ಮತ್ತೆ ದವಾಖಾನೆಗೆ. ಅದರ ಲೆಕ್ಕದಲ್ಲಿ ಕಾರು ಎಂದರೆ ಒಂದೋ ತಾಯಿ ಹೋಗುತ್ತಾಳೆ, ಇಲ್ಲ ಸೂಜಿ ಬರುತ್ತದೆ. ಮೇಲೆ ಕಕ್ಕಿದಾಗಲೆಲ್ಲ ನೀನು ಗದರಿಸಿದೆ. ಬೈದರೆ ವಾಂತಿ ನಿಲ್ಲುವುದಾಗಿದ್ದರೆ ಕ್ರೂಸರ್ ಕ್ಲೀನರುಗಳು ಎಂದೋ ನಿಲ್ಲಿಸಿರುತ್ತಿದ್ದರು.

ಇದನ್ನು ಬಿಡಿಸಲು ತಾಳ್ಮೆ ಬೇಕು, ನಿನ್ನಲ್ಲಿ ಕಡಿಮೆ ಇರುವುದು ಅದೇ. ದೀಪಾವಳಿ ಪಟಾಕಿಯ ಸದ್ದು ಅಡಗಿದ ಮೇಲೆ ಶುರು ಮಾಡು. ಕಾರು ಮನೆಯ ಮುಂದೆ ನೆರಳಲ್ಲಿ ನಿಂತಿರಲಿ, ಎಂಜಿನ್ ಬಂದ್, ನಾಲ್ಕೂ ಬಾಗಿಲು ತೆರೆದಿರಲಿ. ನೀನು ಒಳಗೆ ಕೂತು ಪೇಪರ್ ಓದು. ನಾಯಿಯನ್ನು ಎಳೆಯಬೇಡ, ಎತ್ತಿ ಹಾಕಬೇಡ. ಮೂಗು ಒಳಗೆ ಹಾಕಿತೇ, ಒಂದು ತುಣುಕು ಬೇಯಿಸಿದ ಕೋಳಿ. ಮುಂಗಾಲು ಇಟ್ಟಿತೇ, ಇನ್ನೊಂದು. ಹಿಂದಕ್ಕೆ ಸರಿದರೆ ಸರಿಯಲಿ, ನೋಡಿಯೂ ನೋಡದಂತಿರು. ತಾನಾಗಿ ಹತ್ತಿ ಮಲಗುವ ತನಕ ಕೀಲಿಗೆ ಕೈ ಹಾಕುವಂತಿಲ್ಲ. ಓಣಿಯವರು ನಗುತ್ತಾರೆ, “ಕಾರು ಕೆಟ್ಟೈತೇನೋ?” ಅಂತ ಕೇಳುತ್ತಾರೆ. ಕೇಳಲಿ ಬಿಡು.

ಆಮೇಲೆ ಎಂಜಿನ್ ಚಾಲೂ ಮಾಡಿ ಕೂತು ಬಂದ್ ಮಾಡು, ಗಾಡಿ ಕದಲಬಾರದು. ಅದಕ್ಕೆ ಒಗ್ಗಿದ ಮೇಲೆ ಓಣಿಯ ಕೊನೆಯ ತನಕ ಹೋಗಿ ಬಾ. ಆಮೇಲೆ ಮಾವಿನಕೆರೆಯ ತನಕ. ಅಲ್ಲಿ ಇಳಿಸಿ ಅಡ್ಡಾಡಿಸು, ಮೂಸಲು ಬಿಡು, ವಾಪಸು ಕರೆತಾ. ಜೊಲ್ಲು ಕಂಡಿತೋ, ಅಂದಿನ ಪಾಠ ಅಲ್ಲಿಗೇ ಸಾಕು, ಮರುದಿನ ಒಂದು ಮೆಟ್ಟಿಲು ಕೆಳಗಿನಿಂದ ಹಿಡಿ. ಊರು ದಾಟುವುದು ಕೊನೆಗೆ. ನಿನ್ನ ಚಟ ನನಗೆ ಗೊತ್ತು. ನಾಲ್ಕು ದಿನ ಚೆನ್ನಾಗಿ ಹೋಯಿತೆಂದರೆ ಐದನೆಯ ದಿನ ಮಂತ್ರಾಲಯಕ್ಕೇ ಹೊರಡುತ್ತಿ. ಹೊರಟರೆ ನಾಲ್ಕು ದಿನದ ದುಡಿಮೆ ನೀರಿಗೆ.

ಒಂದು ಎಚ್ಚರ. ಹುಮ್ಮಸ್ಸಿನಲ್ಲಿ ಕೃಷ್ಣೆಯ ದಂಡೆಗೆ ಒಯ್ದು ಈಜಲು ಬಿಟ್ಟೀಯೆ. ಹೊಳೆಯಲ್ಲಿ ಮೊಸಳೆಗಳಿವೆ. ಮನುಷ್ಯರನ್ನೇ ಬಿಡದವು ನಾಯಿಯನ್ನು ಬಿಟ್ಟಾವೆಯೇ?

ಈ ಕಲಿಕೆಗೆ ನಾನು ಚಳಿಗಾಲವನ್ನೇ ಹೇಳುವುದು ಸುಮ್ಮನೆ ಅಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಇನ್ನೂ ಹತ್ತು ಡಿಗ್ರಿಯಷ್ಟು ಏರುತ್ತದೆ, ಕಿಟಕಿ ಚೂರು ತೆರೆದಿಟ್ಟರೂ ಅಷ್ಟೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ತೇಕಿಯೇ ಅದು ಮೈ ತಣಿಸಿಕೊಳ್ಳಬೇಕು. “ಒಂದು ಚಹಾ ಕುಡಿದು ಬಂದೆ” ಎಂದು ಬೇಸಿಗೆಯಲ್ಲಿ ನಾಯಿಯನ್ನು ಒಳಗೆ ಬಿಟ್ಟು ಹೋದರೆ ಬರುವಷ್ಟರಲ್ಲಿ ಜೀವ ಹೋಗಿರಬಹುದು. ಬಿಸಿಲ ದಿನ ಜೊಲ್ಲಿನ ಜೊತೆಗೆ ಜೋರು ತೇಕು, ಕೆಂಪಾದ ವಸಡು, ತಡವರಿಸುವ ಕಾಲು ಕಂಡರೆ ಅದು ಕಾರಿನ ವಾಂತಿಯಲ್ಲ, ಬಿಸಿಲ ಹೊಡೆತ. ನೆರಳಿಗೆ ಒಯ್ಯಿ, ಮೈಗೆ ನೀರು ಹಾಕು, ಗಾಳಿ ಬೀಸು, ಡಾಕ್ಟರ ಹತ್ತಿರ ಓಡು. ಅವಸರ ಮಾಡಬೇಕಾದ ಜಾಗ ಅದೊಂದೇ.

ಮಾತ್ರೆ ಬೇಡವೇ ಬೇಡ ಅನ್ನುವವ ನಾನಲ್ಲ. ನಾಯಿಗಳಿಗೆಂದೇ ಮಾರೋಪಿಟಂಟ್ ಎಂಬ ಔಷಧವಿದೆ. 2007ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಹೊರಡುವ ಎರಡು ತಾಸು ಮುಂಚೆ ಒಂದು ತುತ್ತಿನಲ್ಲಿ ಕೊಡುತ್ತಾರೆ, ವಾಂತಿಯನ್ನು ಚೆನ್ನಾಗಿ ತಡೆಯುತ್ತದೆ. ಸಾಮಾನ್ಯ ವಾಂತಿಗೆ ಕೊಡುವ ಪ್ರಮಾಣ ಬೇರೆ, ಪ್ರಯಾಣಕ್ಕೆ ಕೊಡುವುದು ಬೇರೆ. ನಾಯಿಯ ತೂಕ ಮತ್ತು ವಯಸ್ಸು ನೋಡಿ ಡಾಕ್ಟ್ರೇ ಹೇಳಬೇಕು. ಅನಿವಾರ್ಯವಾಗಿ ಬೆಂಗಳೂರಿಗೆ ಒಯ್ಯುವುದಿದ್ದರೆ ಕೇಳಿ ಬರೆಸಿಕೋ. ಹೆದರಿಕೆಯನ್ನು ಮಾತ್ರ ಆ ಮಾತ್ರೆ ತೆಗೆಯುವುದಿಲ್ಲ, ನಿನ್ನ ಬ್ರೇಕನ್ನೂ ಸರಿ ಮಾಡುವುದಿಲ್ಲ. ಇನ್ನು ಮೆಡಿಕಲ್ ಅಂಗಡಿಯಲ್ಲಿ ನಮಗೆ ಕೊಡುವ ವಾಂತಿಯ ಗುಳಿಗೆಯನ್ನು ಅರ್ಧ ಮುರಿದು ನಾಯಿಗೆ ಹಾಕುವ ಜಾಣತನ ಬೇಡ. ಮಂಪರು ಬಂದ ನಾಯಿ ಸೆಕೆಯನ್ನು ತಡೆಯಲಾರದು.

ಎಲ್ಲ ವಾಂತಿಯನ್ನೂ ಕಾರಿನ ತಲೆಗೆ ಕಟ್ಟಬಾರದು. ಗಾಡಿಯಿಂದ ಇಳಿದು ಸ್ವಲ್ಪ ಹೊತ್ತಿಗೆ ನಾಯಿ ಬಾಲ ಅಲ್ಲಾಡಿಸುತ್ತ ಚುರುಕಾದರೆ ಚಿಂತೆಯಿಲ್ಲ. ಮನೆಯಲ್ಲೂ ಕಕ್ಕುತ್ತಿದ್ದರೆ, ರಕ್ತ ಕಂಡರೆ, ಭೇದಿಯಾದರೆ, ತಲೆ ಒಂದೇ ಕಡೆ ವಾಲಿಸುತ್ತಿದ್ದರೆ ಬೇರೆ ರೋಗವಿದೆ. ಲಸಿಕೆ ಹಾಕಿಸದ ನಾಯಿ ಸುಮ್ಮಸುಮ್ಮನೆ ಜೊಲ್ಲು ಸುರಿಸಿ ಸ್ವಭಾವ ಬದಲಿಸಿದರೆ ಬಾಯಿಗೆ ಕೈ ಹಾಕಲೇಬೇಡ, ಅದು ಹುಚ್ಚು ರೋಗವೂ ಆಗಿರಬಹುದು. ಗೊತ್ತಾಗದಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳು. ಆ ನಂಬರು ಈಗಲೇ ಮೊಬೈಲಿನಲ್ಲಿ ಹಾಕಿಟ್ಟುಕೋ.

ದೀಪಾವಳಿಯಿಂದ ಎಳ್ಳ ಅಮಾವಾಸ್ಯೆಗೆ ಎರಡು ತಿಂಗಳು. ದೇವದುರ್ಗದ ಹೊಲಕ್ಕೆ ಚರಗ ಚೆಲ್ಲಲು ಮನೆಮಂದಿಯೆಲ್ಲ ಹೊರಡುವಾಗ ನಾಯಿಯನ್ನೂ ಒಯ್ಯುವ ಆಸೆ ನಿನ್ನದು. ಒಯ್ಯಿ. ದಾರಿಯಲ್ಲಿ ಒಂದೆರಡು ಕಡೆ ಇಳಿಸಿ ಕಾಲಾಡಿಸು. ಹೊಲದಲ್ಲಿ ಅದರಷ್ಟು ಸುಖಿ ಯಾರೂ ಇರುವುದಿಲ್ಲ, ಜೋಳದ ಸಾಲಿನಲ್ಲಿ ಬೇಕಾದಷ್ಟು ಓಡಲಿ. ಆದರೆ ಊಟಕ್ಕೆ ಕೂತಾಗ ಅದರ ಮೇಲೆ ಒಂದು ಕಣ್ಣಿಡು. ದೊಡ್ಡಮ್ಮ ಒಂದು ಚೂರು ಸಜ್ಜೆ ರೊಟ್ಟಿ, ಚಿಕ್ಕಪ್ಪ ಒಂದು ಚೂರು ಶೇಂಗಾ ಹೋಳಿಗೆ, ಹುಡುಗರು ಪುಂಡಿಪಲ್ಯ, ಬೆಳ್ಳುಳ್ಳಿ ಚಟ್ನಿ, ಹೀಗೆ ಎಲ್ಲರೂ ಪ್ರೀತಿಯಿಂದಲೇ ಹಾಕುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ಮೊದಲೇ ಆಗಿಬರುವುದಿಲ್ಲ. ಹೊಟ್ಟೆ ಬಿರಿಯುವಷ್ಟು ತಿಂದ ನಾಯಿಯನ್ನು ಇಳಿಹೊತ್ತಿಗೆ ಕಾರಿಗೆ ಹತ್ತಿಸಿದರೆ ಎರಡು ತಿಂಗಳ ಕಲಿಕೆ ಗಬ್ಬೂರಿನ ಹತ್ತಿರ ಮತ್ತೆ ಸೀಟಿನ ಮೇಲೆ. ಹೋಳಿಗೆ ನೀನು ತಿನ್ನು. ಅದಕ್ಕೆ ರಾತ್ರಿ ಮನೆ ಮುಟ್ಟಿದ ಮೇಲೆ ಅನ್ನ ಕಲಸಿ ಹಾಕು.